ಔಷಧಿಯವರು ಬರುವ ಹೊತ್ತು

ಶನಿವಾರ, ಮಧ್ಯಾಹ್ನ

ಕನ್ನಡಕದ ಅಂಗಡಿಯ ಯಜಮಾನರಿಗೆ,

ಯಜಮಾನರು ಎಂದದ್ದು ಅಂಗಡಿಯ ಮಟ್ಟಿಗೆ ಮಾತ್ರ. ಈ ಮನೆಯ ಮಟ್ಟಿಗೆ ನಿಮ್ಮನ್ನು ಏನೆಂದು ಕರೆಯಬೇಕು ಎಂದು ಯೋಚಿಸುತ್ತ ಕೂತರೆ ಅಷ್ಟರಲ್ಲಿ ನಿಮ್ಮ ಅಮ್ಮ ನಿದ್ದೆಯಿಂದ ಏಳುತ್ತಾರೆ, ಕಾಗದ ಅರ್ಧಕ್ಕೇ ನಿಲ್ಲುತ್ತದೆ. ನೀವು ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನೆ ಸಂಜೆ ಮೆಟ್ಟಿಲಲ್ಲಿ ನಿಂತು ಕೆಳಮನೆಯವರಿಗೂ ಕೇಳುವ ಹಾಗೆ ಮಾತಾಡಿದವರಿಗೆ ಏನೂ ಆಗಿರುವುದಿಲ್ಲ.

ಫೋನು ಮಾಡಬಹುದಿತ್ತು. ಆದರೆ ನಾನು ಹೇಳಿದ್ದನ್ನು ಬಿಟ್ಟು, ಹೇಳಿದ ದನಿಯನ್ನು ಹಿಡಿದುಕೊಂಡು ಜಗಳಕ್ಕೆ ಬರುವುದು ನಿಮ್ಮ ಹಳೆಯ ವಿದ್ಯೆ. "ಯಾಕೆ ಹಾಗೆ ಕಿರುಚ್ತೀಯ" ಎಂದು ನೀವು ಕೇಳಿಬಿಟ್ಟರೆ, ನಾನು ಕಿರುಚಲಿಲ್ಲ ಎಂದು ಸಾಧಿಸುವುದರಲ್ಲೇ ನನ್ನ ಹೊತ್ತು ಕಳೆದುಹೋಗುತ್ತದೆ. ಕಾಗದಕ್ಕೆ ದನಿಯಿಲ್ಲ. ನಾನು ಎಷ್ಟು ಕಿರುಚುತ್ತಿದ್ದೇನೆ ಎಂಬುದನ್ನು ಓದುತ್ತ ಓದುತ್ತ ನೀವೇ ಅಂದಾಜು ಮಾಡಿಕೊಳ್ಳಿ.

ನಿನ್ನೆ ನೀವು ಹೇಳಿದ್ದನ್ನು ಒಮ್ಮೆ ಬರೆದುಬಿಡುತ್ತೇನೆ, ಆಮೇಲೆ ಹಾಗೆ ಹೇಳಲೇ ಇಲ್ಲ ಎನ್ನಬಾರದು. ಮುಂದಿನ ತಿಂಗಳಿಂದ ಅಮ್ಮನನ್ನು ನಿಮ್ಮ ಫ್ಲ್ಯಾಟಿಗೆ ಕರೆದುಕೊಂಡು ಹೋಗುತ್ತೀರಿ. ಮರೆವಿಗೆಂದು ಡಾಕ್ಟರು ಬರೆದುಕೊಟ್ಟ ಬಿಳಿ ಮಾತ್ರೆಯನ್ನು ನಿಲ್ಲಿಸುತ್ತೀರಿ. ಅದರ ಬದಲಿಗೆ ನಿಮ್ಮ ಸೀಸೆಗಳ ಕ್ಯಾಪ್ಸೂಲುಗಳನ್ನು ಎರಡರಷ್ಟು ಮಾಡುತ್ತೀರಿ. "ಮೂರು ತಿಂಗಳಲ್ಲಿ ಇಷ್ಟು ಚೇತರಿಸ್ಕೊಂಡಿದ್ದಾರೆ. ನೀನು ಅಡ್ಡಗಾಲು ಹಾಕ್ದೆ ಇದ್ದಿದ್ರೆ ಇಷ್ಟೊತ್ತಿಗೆ ನನ್ನನ್ನ ಗುರುತು ಹಿಡೀತಿದ್ರು" ಅಂದಿರಿ. ನಾನು ಬಾಗಿಲ ಚಿಲಕ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ನೀವು ಅದನ್ನು ಒಪ್ಪಿಗೆ ಎಂದುಕೊಂಡು ಇಳಿದು ಹೋದಿರಿ. ಒಳಗೆ ಅಮ್ಮ ಗಲಾಟೆ ಕೇಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಬಾಯಿ ಬಿಟ್ಟಿದ್ದರೆ ಅವರು ಅಳುತ್ತಿದ್ದರು. ಅದಕ್ಕೇ ಬಿಡಲಿಲ್ಲ.

ಈಗ ಬಿಡುತ್ತೇನೆ.

ನಿಮ್ಮ ಅಮ್ಮ ಟೈಲರ್ ಆಗಿದ್ದರು ಎಂಬುದನ್ನು ನಿಮಗೆ ನಾನು ನೆನಪಿಸಬೇಕಾಗಿ ಬಂದದ್ದೇ ಸೋಜಿಗ. ಈ ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬೀದಿಯ ಅರ್ಧ ಜನ ಅವರು ಹೊಲಿದದ್ದನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ಅಳತೆಯ ಟೇಪು ಕತ್ತಿನಲ್ಲಿ, ಸೀಮೆಸುಣ್ಣದ ತುಂಡು ಕಿವಿಯ ಹಿಂದೆ, ಗುಂಡುಸೂಜಿಗಳು ಬಾಯಲ್ಲಿ. ತುಟಿಯಲ್ಲಲ್ಲ, ಕೆನ್ನೆಯೊಳಗೆ. ಅವನ್ನು ಬಾಯೊಳಗೇ ಒಂದು ಬದಿಗೆ ಸರಿಸಿಕೊಂಡು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನಗುತ್ತಿದ್ದರು, ನೀರು ಕೂಡ ಕುಡಿಯುತ್ತಿದ್ದರು. ನನಗೆ ನೋಡಿಯೇ ಜೀವ ಬಾಯಿಗೆ ಬರುತ್ತಿತ್ತು. "ಅಮ್ಮಾ, ನುಂಗಿಬಿಟ್ರೆ?" ಎಂದು ಕೇಳಿದ್ದಕ್ಕೆ, "ನುಂಗೋದು ಬೇರೆ ಬಾಯಿ, ಇಟ್ಕೊಳ್ಳೋದು ಬೇರೆ ಬಾಯಿ ಕಣಮ್ಮ" ಎಂದಿದ್ದರು. ಆಗ ನಕ್ಕಿದ್ದೆ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಅವರು ನಿಮ್ಮನ್ನು ಮೊದಲ ಸಲ ಮರೆತದ್ದೂ ಅದೇ ಕೋಣೆಯಲ್ಲಿ. ನೀವು ಅಂಗಡಿ ಮುಚ್ಚಿ ಬಂದು ಚಪ್ಪಲಿ ಬಿಡುತ್ತಿದ್ದಿರಿ. ಅವರು ಟೇಪು ಹಿಡಿದುಕೊಂಡು ಎದ್ದು ಬಂದು, ಹೊಸ ಗಿರಾಕಿಯನ್ನು ಕೇಳುವ ಹಾಗೆ, "ಶರ್ಟಿಗಾ, ಪ್ಯಾಂಟಿಗಾ?" ಎಂದು ಕೇಳಿದರು. ನೀವು ನಕ್ಕಿರಿ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಒಳಗೇ ಇದ್ದಿರಿ. ಅದಾಗಿ ತಿಂಗಳು ತುಂಬುವುದರೊಳಗೆ ನಮ್ಮಿಬ್ಬರಿಗೂ ಹೊಂದಿಕೆಯಾಗುತ್ತಿಲ್ಲ ಎಂಬುದು ನಿಮಗೆ ಹೊಳೆಯಿತು. ಊರಿನ ಆಚೆ ತುದಿಯಲ್ಲಿ ಫ್ಲ್ಯಾಟು ಸಿಕ್ಕಿತು. ಹೊಂದಿಕೆ ಆಗುತ್ತಿರಲಿಲ್ಲ, ನಿಜ. ಇಪ್ಪತ್ತು ವರ್ಷದಿಂದ ಆಗುತ್ತಿರಲಿಲ್ಲ. ಆದರೂ ಮೂರು ವರ್ಷ ನಾನು ನನ್ನನ್ನೇ ಕೇಳಿಕೊಂಡೆ, ನನ್ನಲ್ಲಿ ಏನು ತಪ್ಪಿತ್ತು, ಯಾವ ಮಾತು ಹೆಚ್ಚಾಯಿತು ಎಂದು. ಸಂಜೆ ಗ್ರಂಥಾಲಯದ ಬಾಗಿಲು ಹಾಕಿ ಬರುವಾಗ ದಾರಿಯುದ್ದಕ್ಕೂ ಕೇಳಿಕೊಂಡೆ. ಈಗ ಅನ್ನಿಸುತ್ತಿದೆ, ನೀವು ಬಿಟ್ಟು ಹೋದದ್ದು ನನ್ನನ್ನಲ್ಲ. ನಾನು ದಾರಿಯಲ್ಲಿ ನಿಂತಿದ್ದೆ, ಅಷ್ಟೆ. ನೀವು ಓಡಿದ್ದು "ಶರ್ಟಿಗಾ, ಪ್ಯಾಂಟಿಗಾ" ಎಂಬ ಒಂದು ಪ್ರಶ್ನೆಯಿಂದ.

ಓಡಿದವರು ಮೂರು ತಿಂಗಳ ಹಿಂದೆ ಚೀಲದ ತುಂಬ ಸೀಸೆ ಇಟ್ಟುಕೊಂಡು ಬಂದಿರಿ. ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದಿರಿ: ಮೀನೆಣ್ಣೆಯದು, ಅರಿಶಿನದ ಸಾರದ್ದು, ವಿಟಮಿನ್ನಿನದು, ಗಿಂಕೊ ಎಂಬ ಯಾವುದೋ ಮರದ ಎಲೆಯದು. ನಿಮ್ಮ ಗಿರಾಕಿಯೊಬ್ಬರು ಹೇಳಿದರಂತೆ, ಅವರ ಚಿಕ್ಕಪ್ಪನಿಗೆ ಇವನ್ನು ಕೊಟ್ಟು ನೆನಪು ಮರಳಿತಂತೆ. ಆ ಚಿಕ್ಕಪ್ಪನನ್ನು ನೀವು ನೋಡಿದ್ದೀರಾ ಎಂದು ನಾನು ಕೇಳಿದೆ. ನೀವು ಸೀಸೆಯ ಮುಚ್ಚಳ ತಿರುಗಿಸುತ್ತ, "ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು" ಅಂದಿರಿ.

ಹೌದು, ಬೇಕು. ಅದಕ್ಕೇ ಆ ಸೀಸೆಗಳನ್ನೆಲ್ಲ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದೆ. ಆಕೆ ನಿಮ್ಮನ್ನು ಗೇಲಿ ಮಾಡಲಿಲ್ಲ. ಒಂದೊಂದನ್ನೂ ತಿರುಗಿಸಿ ಸಣ್ಣ ಅಕ್ಷರ ಓದಿದರು. ವಿಟಮಿನ್ನುಗಳಲ್ಲಿ ಅಮ್ಮನಿಗೆ ಕಡಿಮೆ ಇದ್ದದ್ದು ಬಿ-ಹನ್ನೆರಡು ಮಾತ್ರ. ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗಿ ಅವರೇ ಸೂಜಿ ಕೊಟ್ಟು ಸರಿಮಾಡಿದ್ದರು. ಮೀನೆಣ್ಣೆ ಬೇಕಿದ್ದರೆ ಕೊಡಿ ಎಂದರು. "ಇದರಿಂದ ಕಾಯಿಲೆ ನಿಲ್ಲುತ್ತೆ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ನಂಬಬೇಡಿ. ಇಂಥವೆಲ್ಲ ಜೊತೆಗೆ ಇದ್ದರೆ ಇರಲಿ, ಯಾವುದರ ಬದಲಿಗೂ ಬೇಡ" ಎಂದರು. ಆದರೆ ಎಲೆಯ ಸೀಸೆಯನ್ನು ಪಕ್ಕಕ್ಕೆ ಎತ್ತಿಟ್ಟರು. ಅಮ್ಮನ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ, ಅದರ ಜೊತೆ ಈ ಎಲೆ ಸೇರಿದರೆ ರಕ್ತಸ್ರಾವವಾಗುವ ಅಪಾಯ ಇದೆ, ಒಳಗೆಲ್ಲೋ ಸೋರಿದರೆ ನಮಗೆ ತಿಳಿಯುವುದೂ ಇಲ್ಲ ಎಂದರು. "ಇದನ್ನ ಮನೇಲೇ ಇಟ್ಕೋಬೇಡಿ" ಎಂದರು.

ಇದನ್ನೆಲ್ಲ ಅಕ್ಷರ ಬಿಡದೆ ನಿಮಗೆ ಹೇಳಿದೆ. ನೀವು ಏನು ಮಾಡಿದಿರಿ? "ಸರಿ, ಎಲೆಯದ್ದು ಬಿಟ್ಟೆ. ಮಿಕ್ಕಿದ್ದು ನಾನೇ ಬಂದು ಕೊಡ್ತೀನಿ, ನೀನು ಮುಟ್ಟೋದೇ ಬೇಡ" ಅಂದಿರಿ. ದಿನಾ ಸಂಜೆ ಬರತೊಡಗಿದಿರಿ. ಮೂರು ವರ್ಷದಲ್ಲಿ ತಾಯಿಯನ್ನು ನೋಡಲು ಬಿಡುವಾಗದ ಮನುಷ್ಯನಿಗೆ ಸೀಸೆಯ ಮುಚ್ಚಳ ತೆರೆಯಲು ದಿನಾ ಬಿಡುವಾಯಿತು. ನಾನು ಬಾಗಿಲು ತೆರೆದೆ.

ಅಮ್ಮ ನಿಮಗೆ ಇಟ್ಟ ಹೆಸರು ನಿಮಗೆ ಗೊತ್ತೇ ಇದೆ: ಔಷಧಿಯವರು. "ಬನ್ನಿ ಔಷಧಿಯವರೇ, ಕೂತ್ಕೊಳ್ಳಿ, ನಿಮಗೆ ಎಷ್ಟು ಮನೆ ಸುತ್ತಬೇಕೋ ಪಾಪ" ಎಂದು ಅವರು ಕರೆದಾಗಲೆಲ್ಲ ನಿಮ್ಮ ಮುಖ ಸಣ್ಣದಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ನೀವು ಪರೀಕ್ಷೆ ಶುರು ಮಾಡಿದಿರಿ. ಕ್ಯಾಪ್ಸೂಲು ಕೊಟ್ಟು, ನೀರಿನ ಲೋಟ ಕೊಟ್ಟು, ತಕ್ಷಣ ಚೀಲಕ್ಕೆ ಬಗ್ಗಿ ಫೋಟೋಗಳನ್ನು ಹುಡುಕುವುದು. ಅಂಗಡಿಯಲ್ಲಿ ಕಣ್ಣಿನ ಮುಂದೆ ಗಾಜು ಬದಲಿಸುವ ಹಾಗೆ ಒಂದೊಂದೇ ಫೋಟೋ ಹಿಡಿಯುವುದು. "ಇದು ಯಾರು? ಈಗ? ಇದು ಚೆನ್ನಾಗಿ ಗೊತ್ತಾಗುತ್ತಾ, ಮೊದಲಿನದ್ದಾ?" ಅವರು ನಿಮ್ಮ ಮುಖ ನೋಡುತ್ತಿದ್ದರು, ಫೋಟೋವನ್ನಲ್ಲ. ಯಾವ ಉತ್ತರ ಕೊಟ್ಟರೆ ಈ ಮನುಷ್ಯನಿಗೆ ಸಮಾಧಾನ ಆಗುತ್ತದೆ ಎಂದು ಹುಡುಕುತ್ತಿದ್ದರು. ಬೆವರುತ್ತಿದ್ದರು. ಒಂದು ದಿನ ಯಾವುದೋ ಫೋಟೋಗೆ "ಇದು ನಮ್ಮನೆಯವರು" ಎಂದು ಸರಿಯಾಗಿ ಹೇಳಿದ್ದಕ್ಕೆ ನೀವು ಚಪ್ಪಾಳೆ ತಟ್ಟಿದಿರಿ. ಅಷ್ಟು ಬಟ್ಟೆ ಹೊಲಿದ, ಅಷ್ಟು ಜನರ ಅಳತೆ ತೆಗೆದ ಹೆಂಗಸಿಗೆ ಚಪ್ಪಾಳೆ. ನಾನು ಅಡುಗೆಮನೆಯಲ್ಲಿ ಪಾತ್ರೆಯ ಮೇಲೆ ಸಿಟ್ಟು ತೀರಿಸಿಕೊಂಡೆ. ಅದರ ಹಿಡಿ ಇನ್ನೂ ಸೊಟ್ಟಗೇ ಇದೆ.

ಅವರು ಚೇತರಿಸಿಕೊಂಡದ್ದು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಊಟ ಸೇರಿತು. ಹಗಲಿಡೀ ಗೋಡೆ ನೋಡುತ್ತ ಕೂರುವುದು ಕಡಿಮೆಯಾಯಿತು. ಸಂಜೆ ಆಗುತ್ತಿದ್ದಂತೆ ತಾವೇ ತಲೆ ಬಾಚಿಕೊಂಡು, "ಔಷಧಿಯವರು ಬರೋ ಹೊತ್ತಾಯ್ತು, ಕುರ್ಚಿ ಒರೆಸು" ಎಂದು ನನಗೆ ಅಪ್ಪಣೆ ಮಾಡುತ್ತಿದ್ದರು. ಕೈಗೆ ಕೆಲಸ ಇರಲಿ ಎಂದು ನಾನು ಅಟ್ಟದಿಂದ ಹಳೆಯ ಗಂಟೊಂದನ್ನು ಇಳಿಸಿಕೊಟ್ಟಿದ್ದೆ. ಅಂಗಡಿ ಮುಚ್ಚಿದಾಗ ಹೊಲಿಯದೆ ಉಳಿದ ಬಟ್ಟೆಗಳು, ಕೆಲವು ಕತ್ತರಿಸಿದವು, ಕೆಲವು ಹಾಗೇ ಇದ್ದವು. ಮೊಂಡು ಸೂಜಿ, ದಪ್ಪ ದಾರ. ಬಿಳಿಯ ಮೇಲೆ ನೀಲಿ ಗೆರೆಯ ಬಟ್ಟೆಯೊಂದನ್ನು ಹಿಡಿದು ದಿನಾ ಕೂತು ಹೊಲಿಯುತ್ತಿದ್ದರು. ಚೀಲವೋ ದಿಂಬಿನ ಗವಸೋ ಇರಬೇಕು ಎಂದುಕೊಂಡು ನಾನು ನೋಡಹೋಗಲಿಲ್ಲ. ನಾನು ಪಕ್ಕದಲ್ಲಿ ಕೂತು ಕವಿತೆ ಓದುತ್ತಿದ್ದೆ. "ಯಾಕಮ್ಮ ಸಾಲು ಅರ್ಧಕ್ಕೇ ಕತ್ತರಿಸಿದ್ದಾರೆ, ಬಟ್ಟೆ ಸಾಲಲಿಲ್ವಾ?" ಎಂದು ಪುಟ ಇಣುಕಿ ಕೇಳಿದರು ಒಂದು ದಿನ.

ನೀವು ಈ ಚೇತರಿಕೆಯನ್ನೆಲ್ಲ ಸೀಸೆಯ ಖಾತೆಗೆ ಹಾಕಿಕೊಂಡಿರಿ. ಅವರು ಸೂಜಿಗೆ ದಾರ ಪೋಣಿಸುವುದನ್ನು ಮೊಬೈಲಿನಲ್ಲಿ ಹಿಡಿದು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದಿರಿ. ಕನ್ನಡಕ ಕೊಳ್ಳಲು ಬಂದವರು ಸೀಸೆಯ ಹೆಸರು ಬರೆದುಕೊಂಡು ಹೋದರು ಎಂದು ಹೆಮ್ಮೆಯಿಂದ ನನಗೇ ಹೇಳಿದಿರಿ. ಆ ಸೀಸೆಯ ಕಥೆಯನ್ನು ಈಗ ಕೇಳಿ.

ಇವತ್ತು ಬೆಳಗ್ಗೆ ಒಗೆಯಲು ಬಟ್ಟೆ ನೆನೆಸುತ್ತಿದ್ದೆ. ಅಮ್ಮನ ಆ ಗೆರೆಯ ಬಟ್ಟೆಯೂ ಕೊಳೆಯಾಗಿತ್ತು, ಅದನ್ನೂ ಬಕೆಟ್ಟಿಗೆ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ನೀರೆಲ್ಲ ಅರಿಶಿನ. ಮೇಲೆ ಎಣ್ಣೆಯ ಪದರ ಬಣ್ಣ ಬಣ್ಣವಾಗಿ ಹೊಳೆಯುತ್ತಿದೆ. ಬಚ್ಚಲ ತುಂಬ ಮೀನಿನ ವಾಸನೆ. ಬಟ್ಟೆ ಎತ್ತಿದರೆ ಅದರ ಅಂಚು ಭಾರವಾಗಿ ಜೋತುಬಿತ್ತು. ಕೆಳಗಿನ ಅಂಚನ್ನು ಅಗಲವಾಗಿ ಮಡಿಚಿ, ಸಾಲು ಸಾಲಾಗಿ ಚಿಕ್ಕ ಚಿಕ್ಕ ಗೂಡು ಮಾಡಿ ಹೊಲಿದಿದ್ದರು. ಕತ್ತರಿಯ ತುದಿಯಿಂದ ಒಂದು ಗೂಡು ಬಿಚ್ಚಿದೆ. ನಿಮ್ಮ ಮೀನೆಣ್ಣೆ. ಇನ್ನೊಂದು ಬಿಚ್ಚಿದೆ. ನಿಮ್ಮ ಅರಿಶಿನ, ಒಡೆದು ಅಂಟಾಗಿತ್ತು. ಎಲ್ಲ ಅಲ್ಲೇ ಇದ್ದವು. ಒಂದೊಂದು ಸಂಜೆಯದೂ ಒಂದೊಂದು ಗೂಡಿನಲ್ಲಿ, ಬಿಗಿಯಾಗಿ, ನೇರವಾಗಿ, ಕೈ ನಡುಗುವವರ ಹೊಲಿಗೆಯೆಂದು ಯಾರೂ ಹೇಳುವಂತಿರಲಿಲ್ಲ.

ನುಂಗುವುದು ಬೇರೆ ಬಾಯಿ, ಇಟ್ಟುಕೊಳ್ಳುವುದು ಬೇರೆ ಬಾಯಿ. ನೀವು ಕ್ಯಾಪ್ಸೂಲು ಕೊಟ್ಟಿರಿ, ಅವರು ಕೆನ್ನೆಗೆ ಸರಿಸಿಕೊಂಡರು, ನೀರು ಕುಡಿದರು. ನೀವು ಫೋಟೋ ಹುಡುಕಲು ಬಗ್ಗಿದಿರಿ, ಅವರು ಗುಂಡುಸೂಜಿ ತೆಗೆಯುವ ಹಾಗೆ ಎರಡು ಬೆರಳಲ್ಲಿ ತೆಗೆದು ಬಟ್ಟೆಯ ಮಡಿಕೆಗೆ ಸೇರಿಸಿದರು. ನಿಮ್ಮ ತಾಯಿ ಜೀವಮಾನವಿಡೀ ಮಾಡಿದ ಕೆಲಸ ಅದು. ಹೆಸರು ಹೋಗಿದೆ, ಮುಖಗಳು ಹೋಗಿವೆ, ಕೆನ್ನೆ ಮರೆತಿಲ್ಲ. ಅವರಿಗೆ ಹುಟ್ಟಿ, ಆ ಹೊಲಿಗೆ ಯಂತ್ರದ ಕೆಳಗೇ ಆಡಿ ಬೆಳೆದ ನಿಮಗೆ ಅದು ಹೊಳೆಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ನನಗೂ ಹೊಳೆಯಲಿಲ್ಲ ಬಿಡಿ.

ಇಲ್ಲಿಗೆ ಮುಗಿದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನಿಮ್ಮನ್ನು ಛೇಡಿಸಲು ಒಂದು ವರ್ಷಕ್ಕಾಗುವಷ್ಟು ಸರಕು ಸಿಕ್ಕಿತು ಎಂದುಕೊಳ್ಳುತ್ತಿದ್ದೆ. ಆದರೆ ಬಿಚ್ಚುತ್ತ ಹೋದಂತೆ ಇತ್ತೀಚಿನ ಗೂಡುಗಳಲ್ಲಿ ಬೇರೊಂದು ಬಗೆಯದು ಸಿಕ್ಕಿತು. ಕಂದು ಹಸಿರು ಪುಡಿ ತುಂಬಿದ ಕ್ಯಾಪ್ಸೂಲು. ಆ ಎಲೆಯದು.

ಬಿಟ್ಟೆ ಎಂದಿದ್ದಿರಿ. ನನ್ನ ಮುಖ ನೋಡಿ ಹೇಳಿದ್ದಿರಿ. ಒಳಗೆಲ್ಲೋ ಸೋರಿದರೆ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದ ಮೇಲೂ, ನಿಮ್ಮ ಕೈಯಾರೆ, ನಿಮ್ಮ ತಾಯಿಯ ಬಾಯಿಗೆ. ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ. ಬೆಳಗಿನ ರಕ್ತದ ಮಾತ್ರೆಯನ್ನು ನಾನು ಗ್ರಂಥಾಲಯದ ಕೆಲಸಕ್ಕೆ ಹೋದಾಗ ಅಮ್ಮನನ್ನು ನೋಡಿಕೊಳ್ಳುವಾಕೆ ಡಾಕ್ಟರನ್ನು ಕೇಳಿಯೇ ಬಾಳೆಹಣ್ಣಿನಲ್ಲಿ ಕಿವುಚಿ ತಿನ್ನಿಸುತ್ತಾಳೆ, ಅದು ಹೊಟ್ಟೆಗೆ ಹೋಗುತ್ತಲೇ ಇದೆ. ಅದರ ಮೇಲೆ ಇದೂ ಹೋಗಿದ್ದರೆ? ನಿಮ್ಮಿಂದ ಅವರನ್ನು ಉಳಿಸಿದ್ದು ಡಾಕ್ಟರಲ್ಲ, ನಾನಲ್ಲ, ಅವರ ಕೆನ್ನೆ. ಈ ಒಂದು ಸಾಲನ್ನು ಎರಡು ಸಲ ಓದಿ. ನಿಮ್ಮ ಅಂಗಡಿಯಲ್ಲಿರುವ ಯಾವ ಗಾಜು ಹಾಕಿಕೊಂಡಾದರೂ ಓದಿ.

ನೀವು ಯಾಕೆ ಹಾಗೆ ಮಾಡಿದಿರಿ ಎಂದು ನನಗೆ ಗೊತ್ತು. ಅದು ಗೊತ್ತಿರುವುದರಿಂದಲೇ ಸಿಟ್ಟು ಇಳಿಯುತ್ತಿಲ್ಲ. ಅವರು ಒಂದೇ ಒಂದು ಸಲ ನಿಮ್ಮನ್ನು "ಉಂಡೆ" ಎಂದು ಕರೆಯಬೇಕು. ದಾರದುಂಡೆಯ ಹಾಗೆ ಮಿಷನ್ನಿನ ಕೆಳಗೆ ಉರುಳಾಡುತ್ತಿದ್ದ ಮಗುವಿಗೆ ಅವರು ಇಟ್ಟ ಹೆಸರು ಅದು. ಆ ಒಂದು ಕರೆಗಾಗಿ ನೀವು ಏನನ್ನು ಬೇಕಾದರೂ ಅವರ ಬಾಯಿಗೆ ಹಾಕಲು ತಯಾರಾದಿರಿ. ಅಮ್ಮನಿಗೆ ಆರೋಗ್ಯ ಬೇಕು, ಹೌದು. ಆದರೆ ನಿಮಗೆ ಬೇಕಿದ್ದದ್ದು ಅದಲ್ಲ, ನಿಮ್ಮ ಹೆಸರು. ಗುರುತು ಹಿಡಿದರೆ ಮಾತ್ರ ತಾಯಿ, ಇಲ್ಲದಿದ್ದರೆ ರೋಗಿ. ನನ್ನನ್ನು ಅವರು ಇವತ್ತಿನವರೆಗೆ ಯಾರೆಂದು ತಿಳಿದಿದ್ದಾರೋ ನನಗೆ ಗೊತ್ತಿಲ್ಲ. ಕೆಲವು ದಿನ ಅಕ್ಕ ಎನ್ನುತ್ತಾರೆ, ಕೆಲವು ದಿನ ಅಂಗಡಿಗೆ ಕಾಜಾ ಗುಂಡಿ ಹೊಲಿಯಲು ಬರುತ್ತಿದ್ದ ಹುಡುಗಿ ಎಂದುಕೊಂಡು ಬೈಯುತ್ತಾರೆ. ಮೀಯಿಸುವಾಗ ನನಗೆ ಹೆಸರು ಬೇಕಾಗಿಲ್ಲ.

ಇನ್ನೊಂದು ಮಾತು ಇದೆ. ಬರೆಯದೆ ಬಿಡಬಹುದು ಎಂದು ಪೆನ್ನು ಕೆಳಗಿಟ್ಟು ಎದ್ದು, ಬಟ್ಟೆ ಒಣಹಾಕಿ ಬಂದೆ. ಆಗಲಿಲ್ಲ. ಆ ಗೂಡುಗಳಲ್ಲಿ ಬಿಳಿ ಮಾತ್ರೆಗಳೂ ಇದ್ದವು. ಡಾಕ್ಟರು ಕೊಟ್ಟವು, ರಾತ್ರಿ ಊಟದ ಮೇಲೆ ನಾನೇ ನನ್ನ ಕೈಯಿಂದ ಕೊಟ್ಟವು. ನೀವು ನಿಮ್ಮ ಸೀಸೆಯಿಂದ ಗುಣವಾಯಿತು ಎನ್ನುತ್ತಿದ್ದಿರಿ, ನಾನು ಮನಸ್ಸಿನಲ್ಲೇ ನನ್ನ ಬಿಳಿ ಮಾತ್ರೆಯಿಂದ ಎಂದುಕೊಳ್ಳುತ್ತಿದ್ದೆ. ನಿಮ್ಮ ಎದುರು ಒಂದೆರಡು ಸಲ ಗತ್ತಿನಿಂದ ಹೇಳಿಯೂ ಇದ್ದೆ. ಎರಡೂ ಒಂದೇ ಅಂಚಿನಲ್ಲಿ ಪಕ್ಕಪಕ್ಕ ಮಲಗಿದ್ದವು, ನಾವಿಬ್ಬರೂ ಹಾಗೆ ಮಲಗಿ ಎಷ್ಟೋ ವರ್ಷವಾಯಿತು. ಬೆಳಗ್ಗೆಯೇ ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ನುಂಗದವರಿಗೆಂದೇ ಚರ್ಮಕ್ಕೆ ಅಂಟಿಸುವ ಪಟ್ಟಿ ಬರುತ್ತದಂತೆ, ಸೋಮವಾರ ಕರೆದುಕೊಂಡು ಬನ್ನಿ ಎಂದರು. ಅದೂ ಕಾಯಿಲೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ಸ್ವಲ್ಪ ಆಸರೆ ಅಷ್ಟೆ ಎಂದರು. ಬೆನ್ನಿಗೆ ಅಂಟಿಸಬೇಕಂತೆ, ಕೈಗೆ ಸಿಗದ ಕಡೆ. ಈ ಹೆಂಗಸಿನ ಕೈಗೆ ಸಿಗದ ಕಡೆ ಯಾವುದೋ ನೋಡಬೇಕು.

ಹಾಗಾದರೆ ಮೂರು ತಿಂಗಳು ಅವರು ಚೇತರಿಸಿಕೊಂಡದ್ದು ಯಾವುದರಿಂದ? ಬಕೆಟ್ಟಿನ ಮುಂದೆ ಕೂತು ಇದನ್ನೇ ಯೋಚಿಸಿದೆ. ಡಾಕ್ಟರು ಕೊಟ್ಟ ಬಿ-ಹನ್ನೆರಡರ ಸೂಜಿಯೇ ಅಂದುಕೊಳ್ಳೋಣ ಎಂದರೆ ಅದು ಈ ಮೂರು ತಿಂಗಳಿಗೂ ಮುಂಚಿನ ಮಾತು. ಕವಿತೆಯೂ ಅಲ್ಲ, ಬಟ್ಟೆ ಸಾಲದ ಕವಿತೆಯಿಂದ ಯಾರಿಗೂ ಊಟ ಸೇರುವುದಿಲ್ಲ. ಆ ಮೂರು ತಿಂಗಳಲ್ಲಿ ಈ ಮನೆಯಲ್ಲಿ ಹೊಸದಾಗಿ ಆದದ್ದು ಒಂದೇ. ಸಂಜೆ ಒಬ್ಬರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರಿಗಾಗಿ ಕುರ್ಚಿ ಒರೆಸಬೇಕಿತ್ತು, ತಲೆ ಬಾಚಬೇಕಿತ್ತು. ಅವರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಎದುರು ಕೂರುತ್ತಿದ್ದರು. ನೀವು ಫೋಟೋ ಹುಡುಕುವಾಗ ಅಮ್ಮ ಟೇಪು ತೆಗೆದು ನಿಮ್ಮ ಭುಜ ಅಳೆಯುತ್ತಿದ್ದದ್ದು ನೆನಪಿದೆಯಾ? "ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ, ಉಸಿರು ಬಿಡಿ" ಎನ್ನುತ್ತಿದ್ದರು. ನೀವು "ಆಮೇಲೆ ಅಮ್ಮ, ಆಮೇಲೆ" ಎಂದು ಟೇಪನ್ನು ಸರಿಸುತ್ತಿದ್ದಿರಿ. ನಿಮಗೆ ಪರೀಕ್ಷೆಗೆ ತಡವಾಗುತ್ತಿತ್ತು.

ಅದು ನೀವು, ನಿಮ್ಮ ಸೀಸೆಯಲ್ಲ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ತಿಳಿಯದು. ಮೂರು ವರ್ಷ ಎತ್ತಿ ಇಳಿಸಿ ಮೀಯಿಸಿದವಳು ನಾನು, ಅವರ ಮುಖದಲ್ಲಿ ಬೆಳಕು ತಂದದ್ದು ಸಂಜೆ ಅರ್ಧ ಗಂಟೆ ಬಂದು ಹೋಗುವ ನೀವು. ಹೊಟ್ಟೆ ಉರಿಯುತ್ತದೆ. ಉರಿದರೂ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ. ಜೊತೆಗೆ ಇರಲಿ, ಬದಲಿಗೆ ಬೇಡ ಎಂದು ಡಾಕ್ಟರು ಹೇಳಿದ್ದು ಸೀಸೆಗಳ ಬಗ್ಗೆ. ಅದನ್ನೇ ನಾನು ನಿಮಗೆ ಹೇಳುತ್ತಿದ್ದೇನೆ. ನೀವು ನಿಮ್ಮ ಬದಲಿಗೆ ಸೀಸೆಯನ್ನು ಕಳಿಸುತ್ತಿದ್ದಿರಿ, ಎದುರು ಕೂತಿದ್ದಾಗಲೂ.

ಅದಕ್ಕೆ ಇನ್ನು ನಾನು ಹೇಳುವುದು ಹೀಗೆ. ಅಮ್ಮ ಈ ಮನೆ ಬಿಟ್ಟು ಎಲ್ಲಿಗೂ ಬರುವುದಿಲ್ಲ. ಬಾಗಿಲು ಯಾವ ಕಡೆಗಿದೆ, ಬಚ್ಚಲಿಗೆ ಎಷ್ಟು ದೂರ ಎಂದು ಅವರ ಕಾಲಿಗೆ ಗೊತ್ತಿರುವ ಮನೆ ಇದೊಂದೇ. ನಿಮ್ಮ ಫ್ಲ್ಯಾಟಿನಲ್ಲಿ ಅವರು ಗೋಡೆ ತಡವುತ್ತ ನಿಲ್ಲುತ್ತಾರೆ. ಎಳೆದೊಯ್ಯಲು ಬಂದರೆ ಬಾಗಿಲಿಗೆ ಅಡ್ಡ ಮಲಗುತ್ತೇನೆ, ಕೆಳಮನೆಯವರು ನೋಡಲಿ. ಎಲೆಯ ಸೀಸೆಯನ್ನು ನೀವೇ ಕಸಕ್ಕೆ ಹಾಕಿ, ನಿಮ್ಮ ಅಂಗಡಿಯಲ್ಲಿ ಅದರ ಹೆಸರು ಬರೆದುಕೊಂಡು ಹೋದವರಿಗೆಲ್ಲ ಫೋನು ಮಾಡಿ ನಡೆದದ್ದನ್ನು ಹೇಳಿ. ಅವರ ಮನೆಯಲ್ಲೂ ರಕ್ತದ ಮಾತ್ರೆ ತಿನ್ನುವ ತಾಯಿ ಇರಬಹುದು, ಅವಳು ಟೈಲರ್ ಆಗಿರಲಿಕ್ಕಿಲ್ಲ. ಫೋಟೋಗಳನ್ನು ನಿಮ್ಮ ಮನೆಯಲ್ಲೇ ಇಡಿ.

ಮತ್ತೆ ಸಂಜೆ ಬನ್ನಿ. ಬರಿಗೈಯಲ್ಲಿ ಬನ್ನಿ. ನನಗಾಗಿ ಬರಬೇಡಿ, ನನಗೆ ನಿಮ್ಮಿಂದ ಬೇಕಾದದ್ದು ಏನೂ ಉಳಿದಿಲ್ಲ. ನಾನು ಒಳಗೆ ನನ್ನ ಪುಸ್ತಕದ ಜೊತೆ ಇರುತ್ತೇನೆ. ಅವರ ಎದುರು ಕೂತು ಅವರು ಔಷಧಿಯವರೇ ಎಂದು ಕರೆದರೆ ಓ ಎನ್ನಿ. ತಾಯಿ ಕರೆದದ್ದಕ್ಕೆ ಓ ಎನ್ನಲು ಹೆಸರು ಸರಿಯಾಗಿರಲೇಬೇಕೆಂದು ಯಾರು ಹೇಳಿದರು?

ಅಮ್ಮ ಕೆಮ್ಮುತ್ತಿದ್ದಾರೆ, ಎದ್ದರು ಅನ್ನಿಸುತ್ತದೆ. ನಿಲ್ಲಿಸುತ್ತೇನೆ.

ಇಂತಿ,
ನಿಮ್ಮ ಅಮ್ಮನ ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಬೆಳಗ್ಗೆ ನಾನು ಗೂಡು ಬಿಚ್ಚುತ್ತಿದ್ದಾಗ ಅಮ್ಮ ಬಚ್ಚಲ ಬಾಗಿಲಿಗೆ ಬಂದು ನಿಂತರು. ಅಷ್ಟು ಸಿಟ್ಟು ಅವರಲ್ಲಿ ನೋಡಿ ಬಹಳ ಕಾಲವಾಗಿತ್ತು. ಒದ್ದೆ ಬಟ್ಟೆಯನ್ನು ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿಕೊಂಡರು. ಆಗ ಅದು ಬಿಚ್ಚಿಕೊಂಡಿತು, ಅದು ಚೀಲವಲ್ಲ. ತೋಳು ಇದೆ, ಬೆನ್ನಿದೆ. ಶರ್ಟು. "ಅದನ್ನ ಯಾಕೆ ಬಿಚ್ತೀಯ? ಅದು ನಮ್ಮ ಹುಡುಗನ ಔಷಧಿ. ಅವನಿಗೆ ಮರೆವು ಜಾಸ್ತಿ ಆಗಿದೆ, ಮನೆಗೆ ಬರೋದನ್ನೇ ಮರೀತಾನೆ. ಔಷಧಿಯವರು ಒಳ್ಳೆಯವರು, ದಿನಾ ತಂದುಕೊಡ್ತಾರೆ, ನಾನು ಒಂದೊಂದೇ ಸೇರಿಸಿ ಇಡ್ತಿದ್ದೀನಿ. ಅವರ ಮೈಕಟ್ಟೂ ನಮ್ಮ ಹುಡುಗನದ್ದೇ, ಅವರ ಅಳತೇನೇ ತಗೊಂಡಿದ್ದೀನಿ" ಎಂದರು. ಹುಡುಗ ಯಾರಮ್ಮ ಎಂದು ಕೇಳಿದೆ. ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿ, "ಉಂಡೆ" ಎಂದರು.

ಈಗ ಎದ್ದು ಕೂತಿದ್ದಾರೆ, ಶರ್ಟು ಮಡಿಲಲ್ಲಿದೆ, ಇನ್ನೂ ಪೂರಾ ಒಣಗಿಲ್ಲ. ಕಾಲರ್ ಹಚ್ಚಬೇಕಂತೆ. ಔಷಧಿಯವರು ಬಂದರೆ ಕತ್ತಿನ ಅಳತೆ ತೆಗೆದುಕೊಳ್ಳಬೇಕು, ಇವತ್ತಾದರೂ ಸ್ವಲ್ಪ ಅಲುಗಾಡದೆ ಕೂರಲು ಹೇಳು ಎನ್ನುತ್ತಿದ್ದಾರೆ.